ಖಾಲಿ ಏಣಿಯ ಚಿತ್ರ

ಮಕ್ಕಳ ಮಾಸಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಗೆರೆರಾಯ’ ಎಂದು. ಚಿತ್ರಕಥೆಗಳಿಗೆ ಚೌಕ ಹಾಕುವುದು, ಚೌಕ ಚೌಕದ ನಡುವೆ ಬೆರಳಗಲ ಬಿಳಿ ಜಾಗ ಬಿಡುವುದು, ಇಷ್ಟೇ ಅವನ ಕೆಲಸ. ಚೌಕದೊಳಗೆ ಚಿತ್ರ ಬರೆಯುವ ದೊಡ್ಡವರು ಬೇರೆ. ಹೇಗೋ ಗೋಗರೆದು ಈ ಸಲ ಒಂದು ಪುಟ ಗಿಟ್ಟಿಸಿದ್ದ. ಸಂಪಾದಕರಿಗೆ ಹಿಡಿಸಿದರೆ ಇನ್ನು ಮುಂದೆ ಅವನೂ ಚಿತ್ರಕಾರ. ಇಲ್ಲದಿದ್ದರೆ ಸ್ಕೇಲೇ ಗತಿ.

ಮಾತಿಲ್ಲದ ಮೂರು ಚೌಕಗಳ ಕಥೆ. ಮೊದಲನೆಯದರಲ್ಲಿ ಅಜ್ಜ ಏಣಿ ಹತ್ತಿ ಅಟ್ಟಕ್ಕೆ ಕೈ ಚಾಚಿದ್ದಾರೆ. ಎರಡನೆಯದರಲ್ಲಿ ಬರೀ ಏಣಿ. ಮೂರನೆಯದರಲ್ಲಿ ಅಜ್ಜ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದಾರೆ. ಕೈಗೆ ಎಟುಕಲಿಲ್ಲ, ಇಳಿದು ಬಂದು ನಿದ್ದೆ ಹೋದರು. ಅವನ ಲೆಕ್ಕದಲ್ಲಿ ಹಸುಗೂಸಿಗೂ ಅರ್ಥವಾಗುವ ಕಥೆ.

ಕಚೇರಿಗೆ ಹೊರಡುವ ಮುಂಚೆ ಅಮ್ಮನಿಗೆ ತೋರಿಸಿದ. ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ, ಬಿದ್ದು ಹೋಗೇಬಿಟ್ರಾ?”

“ನಿದ್ದೆ ಮಾಡ್ತಿದಾರಮ್ಮ!”

ಭಾವ ಹಾಳೆ ಕಿತ್ತುಕೊಂಡರು. “ಅಲ್ಲತ್ತೆ, ಹತ್ತಿದೋರು ಅಟ್ಟದೊಳಗೇ ಇದಾರೆ. ಕುರ್ಚೀಲಿ ಇರೋದು ಅವರ ತಮ್ಮ. ಅಂಗಿ ನೋಡಿ, ಬೇರೆ.”

ನಿಜ. ಮೊದಲ ಅಜ್ಜನಿಗೆ ಪಟ್ಟೆ ಅಂಗಿ, ಕೊನೆಯ ಅಜ್ಜನಿಗೆ ಬಿಳಿ ಅಂಗಿ. ಪಟ್ಟೆ ಎಳೆದೂ ಎಳೆದೂ ಬೇಸರ ಬಂದು ಬಿಟ್ಟಿದ್ದ.

“ಗೆರೆ ಎಳೆಯೋದೇ ನಿನ್ನ ಕೆಲಸ, ಅದಕ್ಕೂ ಸೋಮಾರಿತನವಾ?” ಎಂದಳು ಅಕ್ಕ.

ಪಟ್ಟೆ ಎಳೆದ. ಅಜ್ಜ ಏಣಿ ಇಳಿಯುವ ಚಿತ್ರವನ್ನೂ ಒಂದು ಚೀಟಿಯಲ್ಲಿ ಬರೆದು ನಡುವೆ ಇಟ್ಟ.

“ಈಗ ಅರ್ಥ ಆಯ್ತು,” ಎಂದಳು ಅಮ್ಮ. “ಹತ್ತಿದ್ರು, ಇಳಿದ್ರು, ಮಲಗಿದ್ರು. ಅದರಲ್ಲೇನಪ್ಪ ವಿಶೇಷ?”

ಚೀಟಿ ತೆಗೆದ. ಮತ್ತೆ ಇಟ್ಟ. ಅರ್ಥವಾದರೆ ಸಪ್ಪೆ, ಸ್ವಾರಸ್ಯವಿದ್ದರೆ ಅಜ್ಜನ ಸಾವು. ತಲೆ ಕೆಟ್ಟು ಗೊಬ್ಬರವಾಯಿತು. ಬಸ್ಸಿಗೆ ಹೊತ್ತಾಗಿತ್ತು. ಚೀಟಿಯನ್ನು ಜೇಬಿಗೆ ತುರುಕಿಕೊಂಡು ಓಡಿದ.

ಸಂಪಾದಕರು ಪುಟ ನೋಡಿದರು. ಮೂರನೆಯ ಚೌಕದವರೆಗೆ ಬಂದು ಮತ್ತೆ ಮೊದಲನೆಯದಕ್ಕೆ ಹೋದರು. ಅವನ ಕೈ ಜೇಬಿನ ಚೀಟಿಯ ಮೇಲೇ ಇತ್ತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

“ಯಾಕೆ ಹತ್ತಿದ್ದು ಅಂತಾನೇ ಅಜ್ಜ ಮರೆತುಬಿಟ್ರಲ್ಲಯ್ಯ! ನಡುವೆ ಏನೂ ಹೇಳದೆ ಬಿಟ್ಟೆ ನೋಡು, ಅಲ್ಲಿದೆ ಮಜಾ. ಬೇಕಂತಲೇ ಬಿಟ್ಟಿದ್ದು ತಾನೆ?”

“ಹೌದು ಸಾರ್,” ಎಂದ, ಆ ಕಥೆಯನ್ನು ಆಗಷ್ಟೇ ಮೊದಲ ಸಲ ಕೇಳಿದ ಗೆರೆರಾಯ.

“ಮುಂದಿನ ತಿಂಗಳು ಎರಡು ಪುಟ ನಿಂದೇ. ಇದೇ ಥರ ಬಿಡು.”

ಏನನ್ನು ಬಿಡುವುದು, ಎಷ್ಟು ಬಿಡುವುದು? ಇಷ್ಟು ವರ್ಷ ತಾನೇ ಅಳೆದು ಬಿಟ್ಟ ಬೆರಳಗಲದ ಬಿಳಿಯನ್ನು ಸಂಜೆಯವರೆಗೆ ದಿಟ್ಟಿಸಿದರೂ ಬಗೆಹರಿಯಲಿಲ್ಲ.

ಮನೆ ಬಾಗಿಲಲ್ಲೇ ಅಮ್ಮ ಕಾದಿದ್ದಳು. “ಏನಾಯ್ತೋ? ಅಜ್ಜ ಬದುಕಿದಾರಂತಾ?”

“ನನ್ನನ್ನ ಕೇಳಬೇಡಮ್ಮ, ನಾನು ಬರೀ ಚಿತ್ರ ಬರೆದೋನು.”