ನನ್ನ ಓರಗಿತ್ತಿಯ ಬಲೆಮನೆ

ನನ್ನ ಓರಗಿತ್ತಿ ಸುಗನ್ಯಾಳ ಬಗ್ಗೆ ಬರೆಯಲು ನನಗಿಂತ ತಕ್ಕವರು ಯಾರೂ ಇಲ್ಲ. ಹದಿನಾಲ್ಕು ವರ್ಷದಿಂದ ಅವಳನ್ನು ನೋಡಿ ನೋಡಿ ಹೊಟ್ಟೆ ಉರಿದುಕೊಂಡವಳು ನಾನು. ಅಷ್ಟು ಗಮನವಿಟ್ಟು ಅವಳನ್ನು ಅವಳ ಗಂಡನೂ ನೋಡಿರಲಾರ.

ನಮ್ಮ ಊರು ಪಲ್ಲಡಂನಿಂದ ಮೂರು ಮೈಲಿ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಓದಿ ಬರೆಯಲು ಬರುವುದು ಇಡೀ ಮನೆಗೆ ನನಗೊಬ್ಬಳಿಗೇ. ನಾನು ತಾಳವಾಡಿಯವಳು, ಅಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತವಳು. ಆದ್ದರಿಂದ ಇದನ್ನು ಸುಗನ್ಯಾ ಓದಿಬಿಡುವಳೆಂಬ ಭಯವಿಲ್ಲ. ಈ ಒಂದು ವಿಷಯದಲ್ಲಾದರೂ ನಾನು ಅವಳಿಗಿಂತ ಮೇಲೆ.

ಗೋವಿಂದಸಾಮಿಯವರನ್ನು ಮದುವೆಯಾಗಿ ನಾನು ಈ ಮನೆಗೆ ಬಂದಾಗ ಇಲ್ಲಿಯ ಕಸುಬು ತರಕಾರಿ ಸಸಿ ಬೆಳೆದು ಮಾರುವುದಾಗಿತ್ತು. ಟೊಮೇಟೊ, ಬದನೆ, ಮೆಣಸಿನಕಾಯಿ. ಬೀಜವನ್ನು ರೈತರೇ ತಂದು ಕೊಡುತ್ತಾರೆ. ನಾವು ನೆಲದಲ್ಲಿ ಮಡಿ ಕಟ್ಟಿ, ಬೀಜ ಹಾಕಿ, ಮೇಲೆ ಹುಲ್ಲು ಹೊದಿಸಿ, ಸಸಿ ಗೇಣುದ್ದ ಆದ ಮೇಲೆ ಕಿತ್ತು ಕಂತೆ ಕಟ್ಟಿ ಕೊಡುತ್ತಿದ್ದೆವು. ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ. ಮೊದಲ ಬೀಜವನ್ನು ಕೈಗುಣ ಇರುವವರಿಂದಲೇ ಹಾಕಿಸಬೇಕು. ನಾನು ಬಂದ ವರ್ಷ ಅತ್ತೆ ಜಾನಮ್ಮ ನನ್ನ ಕೈಯಿಂದ ಒಂದು ಮಡಿಗೆ ಮೆಣಸಿನ ಬೀಜ ಹಾಕಿಸಿದರು. ಅದು ಒತ್ತೊತ್ತಾಗಿ, ಹಸಿರು ಚಾಪೆ ಹಾಸಿದಂತೆ ಎದ್ದು ಬಂತು. ಅಂದಿನಿಂದ ಸುತ್ತಲಿನ ರೈತರು ಬೀಜದ ಪೊಟ್ಟಣ ಹಿಡಿದು ಬಂದರೆ ಮೊದಲು ಕೇಳುತ್ತಿದ್ದುದು, "ಎಲ್ಲಿ ದೊಡ್ಡಮ್ಮಣಿ?" ಎಂದು. ನಾನು ಒಲೆ ಆರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ, ಮೂಡಲಿಗೆ ಮುಖ ಮಾಡಿ ಮೊದಲ ಬೀಜ ಹಾಕುತ್ತಿದ್ದೆ. ನನಗೆ ಒಡವೆ ಹೆಚ್ಚಿಲ್ಲ, ರೂಪ ಅಷ್ಟಕ್ಕಷ್ಟೆ. ಇದ್ದ ಹೆಮ್ಮೆ ಇದೊಂದೇ.

ಸುಗನ್ಯಾ ನನ್ನ ಮೈದುನ ಶರವಣನ್‌ನ ಹೆಂಡತಿಯಾಗಿ ಬಂದಳು. ಕೊಯಮತ್ತೂರಿನ ಪಕ್ಕದ ಕುರಿಚಿಯ ಫೌಂಡ್ರಿಯೊಂದರಲ್ಲಿ ಅಚ್ಚು ತೆಗೆಯುವವರ ಮಗಳು. ಬದನೆ ಸಸಿಗೂ ಮೆಣಸಿನ ಸಸಿಗೂ ವ್ಯತ್ಯಾಸ ತಿಳಿಯದು. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಮೊದಲ ದಿನವೇ ಅವಳ ತಲೆಗೆ ಎಣ್ಣೆ ಹಚ್ಚಿ ಹೂ ಮುಡಿಸಿದ್ದೆ. ಆಮೇಲೆ ಒಂಬತ್ತು ವರ್ಷ ಅವಳು ಕಂಪನಿ ವ್ಯಾನಿನಲ್ಲಿ ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡಿದಳು. ಬೆಳಗಿನಿಂದ ಸಂಜೆಯವರೆಗೆ ದೀಪದ ಕೆಳಗೆ ಬಟ್ಟೆ ಎಳೆದು, ಎಲ್ಲಿ ತೂತು, ಎಲ್ಲಿ ಕಲೆ ಎಂದು ಹುಡುಕುವುದು. ಮನೆಗೆ ಬಂದರೂ ಆ ಕಣ್ಣಿಗೆ ರಜೆ ಇರುತ್ತಿರಲಿಲ್ಲ. ನಾನು ಬಡಿಸಿದ ಅನ್ನದಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಕಲ್ಲು ಅವಳ ತಟ್ಟೆಗೇ ಬೀಳುತ್ತಿತ್ತು.

ಕೊರೋನಾ ಬಂದು ಕಂಪನಿ ಮುಚ್ಚಿದಾಗ ಆ ಕಣ್ಣು ನನ್ನ ಮಡಿಗಳ ಮೇಲೆ ಬಿತ್ತು. ಒಂದು ಬೆಳಗ್ಗೆ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಗ್ಗಿ ಬಿದ್ದ ಸಸಿಗಳನ್ನು ಎಣಿಸಿ ಅಂದಳು:

"ಅಕ್ಕಾ, ಹತ್ತಕ್ಕೆ ಮೂರು ಸಾಯ್ತೈತೆ. ಬನಿಯನ್ನಲ್ಲಿ ಹತ್ತಕ್ಕೆ ಮೂರು ಹೋದ್ರೆ ಕಂಪನಿ ಮೊದಲಾಳಿ ನಮ್ಮನ್ನ ಒಳಗೇ ಬಿಡಲ್ಲ."

"ಗಿಡ ಬನಿಯನ್ ಅಲ್ಲ ಕಣ್ಣು, ಅದಕ್ಕೆ ಜೀವ ಐತೆ," ಅಂದೆ. ನಮ್ಮ ಕಡೆಯ ಮುದ್ದಿನ ಮಾತಿನಂತೆ 'ಕಣ್ಣು' ಎಂದು ಕರೆದು, ನಗುನಗುತ್ತಲೇ ಅಂದೆ. ಅಂದು ಮಾತ್ರ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಅವಳು ಸುಮ್ಮನಾಗುವ ಜಾತಿಯಲ್ಲ. ಕೊಯಮತ್ತೂರಿಗೆ ಹೋಗಿ ಸಸಿ ಬೆಳೆಸುವ ಹದಿನೈದು ದಿನದ ತರಬೇತಿ ಮುಗಿಸಿಕೊಂಡು ಬಂದಳು. ಗಂಡನ ಪಾಲಿನ ಜಾಗದಲ್ಲಿ ಕಬ್ಬಿಣದ ಕಂಬ ನೆಟ್ಟು, ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಿಳಿ ಬಲೆಯಿಂದ ಒಂದು ಮನೆಯನ್ನೇ ಕಟ್ಟಿಸಿದಳು. ಊರವರು ನೆಟ್ ಹೌಸ್ ಅಂದರು, ಅತ್ತೆ ಬಲೆಮನೆ ಅಂದರು. ಅದರೊಳಗೆ ಮಣ್ಣೇ ಇಲ್ಲ. ಒಂದೊಂದಕ್ಕೆ ತೊಂಬತ್ತೆಂಟು ಕುಳಿ ಇರುವ ಕಪ್ಪು ಟ್ರೇಗಳು, ಕುಳಿಗೊಂದು ಬೀಜ. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ. ಅದನ್ನೂ ಮಳೆನೀರಲ್ಲಿ ನಾಲ್ಕು ಸಲ ತೊಳೆದು ಉಪ್ಪು ತೆಗೆದು, ಗೊಬ್ಬರ ಬೆರೆಸಿ ಹದ ಮಾಡುತ್ತಿದ್ದಳು. ನಮ್ಮ ಬಾವಿಯ ನೀರು ಉಪ್ಪೆಂದು ಎಲ್ಲರಿಗೂ ಗೊತ್ತಿತ್ತು. ಬಲೆಮನೆಯ ಪಕ್ಕದ ಕೊಟ್ಟಿಗೆಯ ಸೂರಿನಿಂದ ಬೀಳುವ ಮಳೆನೀರನ್ನು ತೊಟ್ಟಿಗೆ ಹಿಡಿದಿಡಬೇಕೆಂದು ಹೊಳೆದದ್ದು ಮಾತ್ರ ಅವಳಿಗೆ. ಬಿತ್ತಿದ ಟ್ರೇಗಳನ್ನು ಮುಚ್ಚಲು ಬನಿಯನ್ ಕಂಪನಿಯವರು ಮೂಟೆಗಟ್ಟಲೆ ಎಸೆಯುವ ಚೂರುಬಟ್ಟೆ ತಂದು, ನೆನೆಸಿ ಹೊದಿಸಿದಳು. ಬೀಜ ಮೂರೇ ದಿನದಲ್ಲಿ ಮೊಳೆಯಿತು. ನನ್ನ ಹುಲ್ಲಿನ ಕೆಳಗೆ ಆರು ದಿನ ಬೇಕಿತ್ತು. ವಿಷ ಹೊಡೆಯುವ ಬದಲು ಅಂಟು ಬಳಿದ ಹಳದಿ ಹಾಳೆ ತೂಗುಹಾಕಿದಳು, ಬಿಳಿನೊಣಗಳೆಲ್ಲ ತಾವೇ ಹೋಗಿ ಅದಕ್ಕೆ ಅಂಟಿಕೊಂಡವು. ಆ ಹುಳಗಳೂ ಅವಳ ಮಾತು ಕೇಳುತ್ತವಲ್ಲ ಎಂದು ನನಗೆ ಅಳುವೇ ಬಂತು.

ಬಲೆಮನೆಗೆ ಎರಡು ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ನಡುವೆ ಔಷಧಿ ನೀರಿನ ಬೋಗುಣಿಯಲ್ಲಿ ಕಾಲು ಅದ್ದಬೇಕು, ಸೋಪು ಹಾಕಿ ಕೈ ತೊಳೆಯಬೇಕು. ಹೊಗೆಸೊಪ್ಪು ಹಾಕಿಕೊಳ್ಳುವವರು, ಬೀಡಿ ಸೇದುವವರು ಕೈ ತೊಳೆಯದೆ ಒಳಗೆ ಕಾಲಿಡುವಂತೆಯೇ ಇಲ್ಲ. ಹೊಗೆಸೊಪ್ಪಿನಲ್ಲಿ ಒಂದು ರೋಗ ಅಡಗಿರುತ್ತದಂತೆ, ಅದು ಕೈಗೆ ಅಂಟಿ, ಕೈಯಿಂದ ಟೊಮೇಟೊ ಎಲೆಗೆ ಹತ್ತುತ್ತದಂತೆ. ನನ್ನ ಅತ್ತೆ ನಲವತ್ತು ವರ್ಷದಿಂದ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಅಗಿಯುವವರು, ಸೊಂಟದ ಚೀಲ ಇಲ್ಲದೆ ಗುಡಿಗೂ ಹೋಗರು. ಸುಗನ್ಯಾ ಅವರಿಗೂ ಅದೇ ಮಾತು ಹೇಳಿದಳು. ಮರ್ಯಾದೆಯಿಂದಲೇ ಹೇಳಿದಳು, ನಾನೇ ಕೇಳಿಸಿಕೊಂಡಿದ್ದೇನೆ. ಆದರೆ ನೆಂಟರ ಮನೆಯ ಸೀಮಂತದಲ್ಲಿ ನಾನು ಹೇಳಿದ್ದು ಬೇರೆ. "ಅತ್ತೇನೇ ಬಾಗಿಲಲ್ಲಿ ನಿಲ್ಸವ್ಳೆ, ನಮ್ದೇನು ಬಿಡಿ," ಅಂದೆ. ನಾಲ್ಕು ಜನ ಮೂಗಿನ ಮೇಲೆ ಬೆರಳಿಟ್ಟರು. ಅಂದು ನನಗೆ ಊಟ ರುಚಿಸಿತು.

ಇಷ್ಟನ್ನೆಲ್ಲ ಹೇಗೋ ಸಹಿಸಿದೆ. ಸಹಿಸಲಾಗದೆ ಹೋದದ್ದು ಕಳೆದ ವರ್ಷ ಆಡಿ ತಿಂಗಳ ಹದಿನೆಂಟರ ದಿನ. ನಮ್ಮ ಕಡೆ ಬಿತ್ತನೆಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ನಂಜಪ್ಪನ್ ಎಂಬ ದೊಡ್ಡ ರೈತರು ನಮ್ಮ ಜನವೇ, ಇಪ್ಪತ್ತು ವರ್ಷದಿಂದ ಆ ದಿನ ನನ್ನ ಕೈಯಿಂದಲೇ ಬೀಜ ಹಾಕಿಸುತ್ತಿದ್ದವರು. ಅಂದು ಅವರು ಟೊಮೇಟೊ ಬೀಜ ತಂದಾಗ ನಾನು ಕೈ ತೊಳೆದು ಅಂಗಳದಲ್ಲಿ ನಿಂತಿದ್ದೆ. ಅವರು ನನ್ನನ್ನು ನೋಡಿ ನಕ್ಕು, ಬಲೆಮನೆಯ ಕಡೆ ತಿರುಗಿದರು.

"ಈ ಸಲ ಟ್ರೇಯಲ್ಲಿ ಹಾಕೋದಲ್ವಾ ದೊಡ್ಡಮ್ಮಣಿ. ಚಿಕ್ಕಮ್ಮಣಿ ಕೈಯಲ್ಲೇ ಮೊದಲ ಬೀಜ ಹಾಕಿಸಿಬಿಡೋಣ. ಅವಳ್ದೂ ಒಳ್ಳೆ ಕೈರಾಶಿ ಅಂತಾರೆ."

"ಹಾಕಿಸ್ರಣ್ಣಾ, ಅದಕ್ಕೇನಂತೆ," ಅಂದೆ. ತೊಳೆದ ಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಒಳಗೆ ಹೋಗಿ ಅಕ್ಕಿಡಬ್ಬದ ಹಿಂದೆ ಕೂತು ಕಣ್ಣೀರು ಹಾಕಿದೆ. ಅವಳ ಬೀಜ ಒಂದೂ ಹುಟ್ಟದಿರಲಿ ಎಂದು ಕುಲದೇವರಿಗೆ ಹರಕೆ ಹೊತ್ತೆ. ಬೀಜ ಹುಟ್ಟಿತು. ನೂರಕ್ಕೆ ತೊಂಬತ್ತಾರು ಹುಟ್ಟಿತು. ಅವಳು ಎಣಿಸಿ ಊಟದ ಹೊತ್ತಲ್ಲಿ ಹೇಳಿದಳು.

ಬಿತ್ತಿದ ಹನ್ನೆರಡನೆಯ ದಿನ ಸುಗನ್ಯಾ ಕೊಯಮತ್ತೂರಿನ ಆರ್.ಎಸ್. ಪುರಂನ ಅಂಗಡಿಯೊಂದಕ್ಕೆ ನಾರಿನ ಕುಂಡದ ತುಳಸಿ, ಪುದೀನ ಕೊಡಲು ಹೋದಳು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆ ಕಟ್ಟೆಯ ಮೇಲೆ ಕೂತು ಹೊಗೆಸೊಪ್ಪು ಹರಿದು ಅಂಗೈಯಲ್ಲಿ ಉಜ್ಜುತ್ತಿದ್ದರು.

"ಅದರೊಳಗೆ ಅಂಥಾದ್ದು ಏನ್ ಐತೆ ಅಂತ ಒಂದ್ಸಲನೂ ನೋಡ್ಲಿಲ್ಲ ನಾನು," ಅಂದರು.

"ಬನ್ನಿ ಅತ್ತೆ, ನಾನ್ ತೋರಿಸ್ತೀನಿ. ನಿಮ್ಮ ಮನೇಲಿ ನಿಮಗ್ಯಾರು ಅಡ್ಡ?" ಅಂದೆ.

ಎರಡು ಬಾಗಿಲನ್ನೂ ಒಟ್ಟಿಗೇ ತೆರೆದಿಟ್ಟೆ. ಬೋಗುಣಿಯನ್ನು ಕಾಲಿಂದ ಸರಿಸಿದೆ. ಅತ್ತೆ ಒಳಗೆ ಬಂದು ಸಾಲು ಸಾಲು ಹಸಿರು ನೋಡಿ ಬಾಯಿ ಬಿಟ್ಟರು. "ಅಯ್ಯೋ ನನ್ನ ಕಂದಾ," ಎಂದು ಟೊಮೇಟೊ ಸಸಿಗಳ ತಲೆಯನ್ನು ಮಕ್ಕಳ ತಲೆ ಸವರುವಂತೆ ಸವರುತ್ತ ಹೋದರು. ಅಂಗೈಯಲ್ಲಿ ಹೊಗೆಸೊಪ್ಪಿನ ಪುಡಿ ಇನ್ನೂ ಇತ್ತು. ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಇವಳ ಸೋಪು, ಬೋಗುಣಿ ಎಲ್ಲ ಒಣ ಬಿಂಕ, ಏನೂ ಆಗುವುದಿಲ್ಲ ಎಂದು ಮನಸ್ಸಿನ ಒಂದು ಭಾಗ ಹೇಳುತ್ತಿತ್ತು. ಆಗಲಿ ಎಂದು ಇನ್ನೊಂದು ಭಾಗ ಹೇಳುತ್ತಿತ್ತು. ಬಾಯಿ ಬಿಟ್ಟು "ಅತ್ತೆ, ಕೈ" ಎಂಬ ಎರಡು ಮಾತು ಆಡಲಿಲ್ಲ.

ಮಾರನೆಯ ದಿನ ಸುಗನ್ಯಾ ಖಾಲಿ ಕುಳಿಗಳನ್ನು ತುಂಬುವ ಕೆಲಸಕ್ಕೆ ಕೂತಳು. ಕೈತಪ್ಪಿ ಎರಡು ಬೀಜ ಬಿದ್ದು ಎರಡು ಸಸಿ ಎದ್ದ ಕುಳಿಯಿಂದ ಒಂದನ್ನು ಎಬ್ಬಿಸಿ, ಇಲ್ಲದ ಕಡೆ ಇಡುವುದು. ಸೋಪು ಹಾಕಿ ಕೈ ತೊಳೆದುಕೊಂಡೇ ಮಾಡಿದಳು. ಆದರೆ ಸವರಿಸಿಕೊಂಡ ಸಸಿಯಿಂದ ಒಳ್ಳೆಯ ಸಸಿಗೆ, ಈ ಟ್ರೇಯಿಂದ ಆ ಟ್ರೇಗೆ ರೋಗವನ್ನು ಹೊತ್ತು ಹಂಚಿದ್ದು ಆ ತೊಳೆದ ಕೈಗಳೇ. ಹತ್ತು ದಿನ ಕಳೆಯುವಷ್ಟರಲ್ಲಿ ಎಲೆಗಳ ಮೇಲೆ ತಿಳಿಹಸಿರು, ಕಡುಹಸಿರು ತೇಪೆ ಎದ್ದವು, ತುದಿಗಳು ಮುರುಟಿದವು. ಮೊದಲು ಕಂಡದ್ದು ಅವಳ ಚೆಕಿಂಗ್ ಕಣ್ಣಿಗೇ. ಒಂದು ಟ್ರೇ ಎತ್ತಿಕೊಂಡು ಕೊಯಮತ್ತೂರಿಗೆ, ತರಬೇತಿ ಕೊಟ್ಟವರ ಹತ್ತಿರ ಹೋದಳು. ಬಂದವಳ ಮುಖದಲ್ಲಿ ಜೀವವಿರಲಿಲ್ಲ.

"ಹೊಗೆಸೊಪ್ಪಿನ ರೋಗವೇ ಅಂತೆ," ಅಂದಳು. "ನಾನ್ ಇಲ್ಲದಾಗ ಯಾರಾದ್ರೂ ಒಳಗೆ ಬಂದಿದ್ರಾ ಅಕ್ಕಾ?"

"ಯಾರು ಬರ್ತಾರೆ ಕಣ್ಣು? ನಾನ್ ಇಲ್ಲೇ ಇದ್ನಲ್ಲ," ಅಂದೆ.

ಅತ್ತೆ ಪಕ್ಕದಲ್ಲೇ ಇದ್ದರು. ನನ್ನ ಮುಖ ನೋಡಿದರು. ಅಂದಿನಿಂದ ಅವರು ಹೊಗೆಸೊಪ್ಪು ಮುಟ್ಟಲಿಲ್ಲ. ಕಾರಣ ಕೇಳಿದವರಿಗೆ ಹಲ್ಲುನೋವು ಅಂದರು. ನಾನು ಆ ಕಡೆ ತಿರುಗಿ ಕೂಡ ನೋಡದೆ ಸೊಪ್ಪು ಸೋಸುತ್ತಿದ್ದೆ.

ನಂಜಪ್ಪನ್ ಅವರ ಸಸಿಯನ್ನೆಲ್ಲ ಸುಗನ್ಯಾ ತಾನೇ ಕಿತ್ತು ಸುಟ್ಟಳು, ಟ್ರೇಗಳನ್ನು ಬಿಸಿ ಔಷಧಿ ನೀರಲ್ಲಿ ತೊಳೆದಳು. ಮುಚ್ಚಿಡಬಹುದಿತ್ತು. ಆ ವಯಸ್ಸಿನ ಸಸಿಯಲ್ಲಿ ಎಷ್ಟು ರೈತರಿಗೆ ಆ ತೇಪೆ ಕಾಣುತ್ತದೆ? ನಾನಾಗಿದ್ದರೆ ಕಂತೆ ಕಟ್ಟಿ ಕಳಿಸಿ, ಗದ್ದಲವಾದರೆ ಬಿಸಿಲಿನ ಮೇಲೆ ಹಾಕುತ್ತಿದ್ದೆ. ಅವಳು ಅವರ ಮನೆಗೇ ಹೋಗಿ, "ತಪ್ಪು ನಮ್ಮನೇಲಿ ಆಗಿರೋದು ಅಣ್ಣಾ. ಬೀಜ ನಾನೇ ತರ್ತೀನಿ, ಇನ್ನೊಂದು ತಿಂಗಳು ಕೊಡಿ," ಎಂದು ಕೈಮುಗಿದು ಬಂದಳು. ಸಸಿ ಹಾಳಾದರೆ ಅವಳ ಹೆಸರೂ ಹಾಳಾಗುತ್ತದೆ ಎಂದುಕೊಂಡಿದ್ದೆ ನಾನು. ಊರಲ್ಲಿ ಕೇಳಿ ಬಂದದ್ದು, ಇಂಥ ನಂಬಿಕಸ್ಥೆ ಇನ್ನೊಬ್ಬಳಿಲ್ಲ ಎಂಬ ಮಾತು. ಹಾಲಿಗೆ ಹೋದರೂ ಅದೇ, ರೇಷನ್ ಅಂಗಡಿಗೆ ಹೋದರೂ ಅದೇ. ನಾನೇ ಮಾಡಿದ ಕೇಡಿನಿಂದಲೂ ಅವಳಿಗೇ ಒಳ್ಳೆಯ ಹೆಸರು ಬಂದರೆ ನನ್ನಂಥವಳು ಎಲ್ಲಿಗೆ ಹೋಗಬೇಕು?

ವಾರದ ಮೇಲೆ ನಂಜಪ್ಪನ್ ಮತ್ತೆ ಬಂದರು. ಹೊಸ ಬೀಜ ಬಿತ್ತುವ ದಿನ. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಸುಗನ್ಯಾ ಬಾಗಿಲಲ್ಲಿ ನಿಂತಳು.

"ಅಕ್ಕಾ, ಬನ್ನಿ. ಈ ಸಲ ದೊಡ್ಡಮ್ಮಣಿ ಕೈಯಲ್ಲೇ ಆಗಬೇಕು ಅಂತಾರೆ. ನನ್ನ ಕೈ ಅವರಿಗೆ ಆಗಿ ಬರ್ಲಿಲ್ಲ."

ಇಪ್ಪತ್ತು ವರ್ಷದ ನನ್ನ ಹೆಮ್ಮೆ ತಾನಾಗಿ ನಡೆದು ಮನೆಗೆ ಬಂದಿತ್ತು. ಗೆದ್ದೆ ಎಂದುಕೊಂಡೇ ಎದ್ದೆ. ನಂಜಪ್ಪನ್ ಹೊರಗೆ ನಿಂತರು, ನಾವಿಬ್ಬರೇ ಒಳಗೆ ಹೋದೆವು. ಮೊದಲ ಬಾಗಿಲು ಮುಚ್ಚಿ, ಕಾಲು ಅದ್ದಿ, ಸೋಪು ಹಚ್ಚಿ ಮೊಣಕೈವರೆಗೆ ತೊಳೆದೆ. ಅವಳು ಟ್ರೇ ಮುಂದಿಟ್ಟು ನನ್ನ ಅಂಗೈಗೆ ಬೀಜ ಸುರಿದಳು. ಒಂದು ಬೀಜ ಹಿಡಿದು ಕುಳಿಯ ಮೇಲೆ ಬೆರಳು ತಂದೆ. ಬೀಜವನ್ನು ಮತ್ತೆ ಅಂಗೈಗೆ ಹಾಕಿಕೊಂಡೆ.

"ಸುಗನ್ಯಾ, ಆವತ್ತು ಅತ್ತೇನ ಒಳಗೆ ಕರ್ಕೊಂಡು ಬಂದಿದ್ದು ನಾನು," ಅಂದೆ. "ಗೊತ್ತಿದ್ದೇ ಕರ್ಕೊಂಡು ಬಂದೆ."

ಅವಳು ಟ್ರೇಯ ಮೇಲಿನ ನಾರಿನ ಪುಡಿಯನ್ನು ಸಮ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತು ಅಕ್ಕಾ. ನಾನ್ ಕೇಳಿದ ದಿನ ರಾತ್ರೀನೇ ಅತ್ತೆ ಅತ್ಕೊಂಡು ಹೇಳ್ಬಿಟ್ರು."

"ಗೊತ್ತಿದ್ದೂ ನನ್ನನ್ನ ಯಾಕೆ ಕರ್ದೆ?"

"ನಂಜಪ್ಪಣ್ಣ ಕೇಳಿದ್ದು ನಿಮ್ಮ ಕೈ. ಕೈ ಒಳ್ಳೇದೇ ಐತೆ," ಅಂದಳು. "ಮನಸ್ಸು ಹೆಂಗೈತೆ ಅಂತ ಅವರು ಕೇಳ್ಲಿಲ್ಲ."

ಇಷ್ಟು ಹೇಳಿ ಅವಳು ಎರಡನೆಯ ಟ್ರೇ ತರಲು ಹೋದಳು. ನಾನು ಬೀಜ ಹಾಕಿದೆ.