ಗಿರಿಜಾಳ ಏಳು ಹೆಜ್ಜೆ

ನನ್ನ ಹೆಂಡತಿ ಎಸೆದ ಚೆಂಡನ್ನು ಬ್ಯಾಟಿನಿಂದ ಮುಟ್ಟಲು ಹದಿನಾರು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಈವರೆಗೆ ಅದನ್ನು ಮುಟ್ಟಿರುವುದು ನನ್ನ ಪಕ್ಕೆಲುಬು ಮಾತ್ರ.

ಗಿರಿಜಾ ತರೀಕೆರೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಮೇಡಂ. ವಯಸ್ಸು ನಲವತ್ತೊಂದು, ವೇಗದ ಬೌಲರ್. ನಾನು ಅದೇ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಆದರೂ ಅವಳ ಚೆಂಡು ನನ್ನ ಕಣ್ಣಿಗೆ ಬೀಳುವುದಿಲ್ಲ.

ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಕಡೂರಿನ ಡಾಕ್ಟರು, "ಅಷ್ಟು ದೂರದಿಂದ ಓಡಿ ಬರೋದೆಲ್ಲ ಸಾಕು ಕಣಮ್ಮ" ಅಂದರು. ವಾಪಸು ಬರುವಾಗ ಬಸ್ಸು ಬೀರೂರು ದಾಟುವವರೆಗೂ ಅವಳು ಮಂಡಿ ನೀವಿಕೊಳ್ಳುತ್ತಲೇ ಇದ್ದಳು. ಆಮೇಲೆ ಇದ್ದಕ್ಕಿದ್ದಂತೆ, "ಓಡೋದು ಸಾಕು ಅಂದ್ರು. ಬೌಲಿಂಗ್ ಬಿಡು ಅಂದ್ರಾ?" ಎಂದಳು. ಇಂಥ ಪ್ರಶ್ನೆ ಬಂದಾಗ ಬಸ್ ಟಿಕೆಟ್ಟನ್ನು ಗಮನವಿಟ್ಟು ಓದುವಷ್ಟು ಬುದ್ಧಿ ದಾಂಪತ್ಯ ನನಗೆ ಕಲಿಸಿದೆ.

ಟೆಸ್ಟ್ ಕ್ರಿಕೆಟ್ಟಿನಲ್ಲಿ ದಾಖಲೆ ಮಾಡಿದ ವೇಗಿಗಳೆಂದರೆ ನಮ್ಮಂಥವರು ವಿಕೆಟ್ಟಿನ ಲೆಕ್ಕ ಒಪ್ಪಿಸುತ್ತಾರೆ. ಗಿರಿಜಾ ಆ ಬೌಲರುಗಳ ವಿಡಿಯೊಗಳನ್ನು ಸದ್ದು ನಿಲ್ಲಿಸಿ, ಕಾಲುಗಳನ್ನಷ್ಟೇ ನೋಡತೊಡಗಿದಳು. ಇಪ್ಪತ್ತರಲ್ಲಿ ಬಿರುಗಾಳಿಯಂತೆ ನುಗ್ಗುತ್ತಿದ್ದವರು ಮೂವತ್ತೈದರ ಹೊತ್ತಿಗೆ ಓಟ ಮೊಟಕು ಮಾಡಿಕೊಂಡು, ವೇಗ ಬಿಟ್ಟು, ಚೆಂಡನ್ನು ಗಾಳಿಯಲ್ಲೇ ತಿರುಗಿಸುವ ಸ್ವಿಂಗ್ ಹಿಡಿದಿದ್ದರು. "ಇವ್ರು ಬರೀ ಜೋರಾಗಿ ಎಸ್ದು ಇಷ್ಟ್ ವರ್ಷ ಆಡಿಲ್ಲ ಕಣ್ರೀ. ಮೈ ಕೆಟ್ಟಾಗೆಲ್ಲ ಹೊಸದಾಗಿ ಕಲ್ತಿದಾರೆ" ಎಂದಳು.

ತಿಂಗಳುಗಟ್ಟಲೆ ಮಂಡಿಯ ವ್ಯಾಯಾಮ ನಡೆಯಿತು. ಹದಿನೆಂಟು ಹೆಜ್ಜೆಯ ಓಟ ಏಳಕ್ಕೆ ಇಳಿಯಿತು. ಮದುವೆಯಲ್ಲಿ ನಾವಿಬ್ಬರೂ ಇಟ್ಟದ್ದೂ ಏಳೇ ಹೆಜ್ಜೆ; ಆಗ ಎಡವಿದವನು ನಾನು.

ಅಜ್ಜಂಪುರದಲ್ಲಿ ಶಿಕ್ಷಕರ ಮ್ಯಾಚು ಬಂತು. ಅವತ್ತು ಮಂಡಿ ತಡೆಯದಿದ್ದರೆ ಆಟ ಬಿಟ್ಟುಬಿಡುತ್ತೇನೆಂದು ಹೊರಡುವಾಗಲೇ ಹೇಳಿದ್ದಳು. ಎದುರಿಗೆ ಕಡೂರಿನ ದಢೂತಿ ಗಣಿತದ ಮೇಷ್ಟ್ರು. ಮೊದಲ ಎರಡು ಚೆಂಡೂ ಬೌಂಡರಿಗೆ ಹೋದವು. "ಮೇಡಂ, ಇನ್ನೂ ಮೆತ್ತಗೆ ಹಾಕಿ" ಎಂದು ಯಾರೋ ಕೂಗಿದರು, ಸುತ್ತಲಿನವರು ನಕ್ಕರು. ನಾನು ನೆಲ ನೋಡಿದೆ. ಮೂರನೆಯದು ಹೊರಗೆ ಹೋಗುವಂತೆ ಬಂದು, ಕೊನೇ ಗಳಿಗೆಯಲ್ಲಿ ಒಳಗೆ ತಿರುಗಿ ನಡುವಿನ ಸ್ಟಂಪನ್ನು ಮಲಗಿಸಿತು.

ಜನ ಕೂಗುತ್ತಿದ್ದರೆ ಗಿರಿಜಾ ಬಗ್ಗಿ ಕಾಲು ಹಿಡಿದು ಕೂತಿದ್ದಳು. ನೋವಿನ ಸ್ಪ್ರೇ ಹಿಡಿದು ಮೈದಾನಕ್ಕೆ ಓಡಿದೆ.

"ಏನಾಯ್ತೇ?"

"ಲೇಸ್ ಬಿಚ್ಕೊಂಡಿತ್ತು. ಹೋಗಿ ಕೂತ್ಕಳಿ, ಇನ್ನ ಮೂರ್ ಬಾಲ್ ಇವೆ."

ಮ್ಯಾಚನ್ನು ನಮ್ಮವರು ಸೋತರು. ಮಂಡಿ ಸೋಲಲಿಲ್ಲ. ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಸ್ಕೋರು ಬರೆಯುತ್ತಿದ್ದ ಅಜ್ಜಂಪುರದ ಟೀಚರೊಬ್ಬರು ಸಂಕೋಚದಿಂದ ಗಿರಿಜಾಳ ಬಳಿಗೆ ಬಂದರು.

"ಮೇಡಂ, ನಂಗೆ ಮೂವತ್ತೇಳು. ಚೆಂಡು ಹಿಡಿದೇ ಗೊತ್ತಿಲ್ಲ. ಈಗ ಶುರು ಮಾಡಿದ್ರೆ ಜನ ನಗ್ತಾರಾ?"

"ನಗ್ತಾರೆ ಕಣ್ರೀ" ಎಂದಳು ಗಿರಿಜಾ, ಆಕೆಯ ಎರಡು ಬೆರಳನ್ನು ಚೆಂಡಿನ ಹೊಲಿಗೆಯ ಮೇಲೆ ಕೂರಿಸುತ್ತ. "ಮೂರನೇ ಬಾಲ್ ತನಕ."