ದೊಡ್ಡಮ್ಮನ ನಾಟಕದ ಸಂಜೆ

ಬೀದಿಯವರೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಬಟ್ಟೆ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವ ಹೆಂಗಸರು ಮಕ್ಕಳನ್ನು ಅವಳ ಹಜಾರದಲ್ಲಿ ಇಳಿಸಿ ಓಡುತ್ತಾರೆ. ಕೆಲವಕ್ಕೆ ಇನ್ನೂ ನಿದ್ದೆ ಬಿಟ್ಟಿರುವುದಿಲ್ಲ. ಆಮೇಲೆ ಹಾಲು ಕಾಯಿಸುವುದು, ಬಾಟಲಿ ಕುದಿಸುವುದು, ಒದ್ದೆ ಚಡ್ಡಿ ಬದಲಿಸುವುದು, ಒಂದರ ಮುಷ್ಟಿಯಿಂದ ಇನ್ನೊಂದರ ಕೂದಲು ಬಿಡಿಸುವುದು. ಅವಳು ಬಾಗಿಲು ಹಾಕಿದ ದಿನ ಕಾರ್ಖಾನೆಯ ಅರ್ಧ ಹೊಲಿಗೆ ಯಂತ್ರಗಳು ಸುಮ್ಮನೆ ಕೂರಬೇಕು. ಹಾಗಾಗಿ ಅವಳು ಬಾಗಿಲು ಹಾಕುವುದಿಲ್ಲ.

ಊರನ್ನು ನಡೆಸುವ ಸಾಮಾನ್ಯರ ಬಗ್ಗೆ ತಂಡವೊಂದು ಪುಟ್ಟ ಸಂಗೀತ ನಾಟಕಗಳನ್ನು ಕಟ್ಟುತ್ತಿತ್ತು. ಮೊದಲನೆಯದು ಕರೆಂಟಿನ ಲೈನ್‌ಮನ್‌ನದು. ಅವನು ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತು ತನ್ನ ಕಥೆ ನೋಡಿ ಬಂದ. ಎರಡನೆಯದು ದೊಡ್ಡಮ್ಮನದು.

ಹಾಡು ಬರೆಯುವ ಹುಡುಗಿ ಮನೆಗೆ ಬಂದು ಕೇಳಿದಳು, "ಮಕ್ಕಳನ್ನ ಮಲಗಿಸುವಾಗ ಏನು ಹಾಡ್ತೀರಿ ದೊಡ್ಡಮ್ಮ?"

"ಹಾಡಲ್ಲ. ಬೆನ್ನು ತಟ್ತೀನಿ."

"ಆಗ ಮನಸ್ಸಿಗೆ ಏನನ್ಸುತ್ತೆ?"

ಅನ್ನಿಸುವುದು ಯಾವಾಗ ನಿಂತಿತೋ ಅವಳಿಗೆ ನೆನಪಿರಲಿಲ್ಲ. "ಇದು ಮಲಗಿದ್ರೆ ಅದರ ಬಟ್ಟೆ ಒಗೀಬಹುದು ಅನ್ಸುತ್ತೆ."

ಗೋಡೆಗೊರಗಿ ಕೂತಿದ್ದ ಗಂಡ ನಡುವೆ ಬಾಯಿ ಹಾಕಿದ. "ಅವಳಿಗೆ ಮಕ್ಕಳು ಅಂದ್ರೆ ಪ್ರಾಣ. ಬರ್ಕೊಳಮ್ಮ."

ಹುಡುಗಿ ಬರೆದುಕೊಂಡಳು.

ಆದರೂ ನಾಟಕವನ್ನು ನೋಡಬೇಕೆಂದು ದೊಡ್ಡಮ್ಮನಿಗಿತ್ತು. ತನ್ನ ವೇಷದಲ್ಲಿ ಬೇರೊಬ್ಬಳು ನಿಂತು ಹಾಡಿದರೆ ತನಗೂ ಏನಾದರೂ ಅನ್ನಿಸೀತು. ಅನ್ನಿಸದಿದ್ದರೆ, ಇನ್ನು ಅನ್ನಿಸುವುದಿಲ್ಲ ಎಂದಾದರೂ ಗೊತ್ತಾದೀತು.

ನಾಟಕದ ಸಂಜೆ ಮುಖ ತೊಳೆದು, ತಲೆ ಬಾಚಿ, ಚಪ್ಪಲಿ ಮೆಟ್ಟುವಷ್ಟರಲ್ಲಿ ಎದುರು ಮನೆಯವಳು ಮಗುವನ್ನೆತ್ತಿಕೊಂಡು ಬಂದಳು.

"ದೊಡ್ಡಮ್ಮ, ಸ್ವಲ್ಪ ಹೊತ್ತು ಇದನ್ನ ನೋಡ್ಕೊಳಿ. ಅಲ್ಲಿ ಮಕ್ಕಳನ್ನ ಒಳಗೆ ಬಿಡಲ್ವಂತೆ, ಅತ್ರೆ ಹಾಡು ಕೇಳ್ಸಲ್ಲ ಅಂತ."

"ಎಲ್ಲಿಗೆ ಹೊರಟ್ಯೇ?"

"ಇನ್ನೆಲ್ಲಿಗೆ, ನಿಮ್ಮ ನಾಟಕಕ್ಕೆ."

ಅವಳ ಹಿಂದೆ ಉಳಿದವರೂ ಮಕ್ಕಳೊಂದಿಗೆ ನಿಂತಿದ್ದರು. "ಇಲ್ಲಿ ದಿನಾ ಮಾಡೋದನ್ನೇ ಅಲ್ಲಿ ತೋರಿಸ್ತಾರೆ, ನಿಮಗೇನು ಹೊಸದು?" ಎಂದಳು ಒಬ್ಬಳು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು. ಬೇಡ ಎನ್ನುವ ಮಾತು ಬಾಯಿಗೆ ಬರುವ ಮೊದಲೇ ಕೈಗಳು ಮುಂದೆ ಹೋಗಿದ್ದವು.

"ನಿನ್ನ ಕುರ್ಚೀಲಿ ನಾನು ಕೂತಿರ್ತೀನಿ, ಖಾಲಿ ಬಿಟ್ರೆ ಚೆನ್ನಾಗಿರಲ್ಲ," ಎಂದು ಗಂಡ ಸೊಸೆಯನ್ನೂ ಕರೆದುಕೊಂಡು ಅವರ ಜೊತೆ ಹೊರಟ.

ಒಂದಕ್ಕೆ ಹಾಲು ಕುಡಿಸಿದಳು. ಇನ್ನೊಂದು ವಾಂತಿ ಮಾಡಿತು, ಒರೆಸಿದಳು. ಬೀದಿ ಖಾಲಿಯಾಗಿತ್ತು. ನಾಟಕದ ಮನೆ ದೂರವಿದ್ದದ್ದರಿಂದ ಏನೂ ಕೇಳಿಸಲಿಲ್ಲ.

ಮೊದಲು ಹಿಂತಿರುಗಿದವಳು ಸೊಸೆ. ಅವಳ ಕಣ್ಣು ಕೆಂಪಗಾಗಿತ್ತು.

"ನೀವಿದ್ದಿದ್ರೆ ಅತ್ತುಬಿಡ್ತಿದ್ರಿ ಅತ್ತೆ."

"ಹೌದಾ."

"ಕೊನೇಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದ್ರು. ನಿಮ್ಮ ಹೂಗುಚ್ಛ ಮಾವ ಹೋಗಿ ಇಸ್ಕೊಂಡ್ರು."

"ಅವಳು ಎಲ್ಲಾದ್ರೂ ಕೂತ್ಕೊಂಡ್ಲಾ?"

"ಯಾರು?"

"ನನ್ನ ವೇಷ ಹಾಕಿದೋಳು."

ಸೊಸೆ ನೆನಪಿಸಿಕೊಂಡಳು. "ಇಲ್ಲಪ್ಪ. ಪೂರ್ತಿ ನಿಂತೇ ಹಾಡಿದ್ಲು."

"ಪಾಪ," ಎಂದಳು ದೊಡ್ಡಮ್ಮ. ಅದು ನಿಜಕ್ಕೂ ಅನ್ನಿಸಿದ್ದೋ, ಬರೀ ಬಾಯಿಗೆ ಬಂದದ್ದೋ ಎಂದು ಸ್ವಲ್ಪ ಹೊತ್ತು ನೋಡಿಕೊಂಡಳು. ತಿಳಿಯಲಿಲ್ಲ. ಅಷ್ಟರಲ್ಲಿ ತಾಯಂದಿರು ಹಾಡನ್ನು ಗುನುಗುತ್ತ ಬಾಗಿಲಿಗೆ ಬಂದರು. ಅವಳು ಮಲಗಿದ್ದ ಮಕ್ಕಳನ್ನು ಒಂದೊಂದಾಗಿ ಎತ್ತಿ, ಅವರವರ ಕೈಗೆ ಕೊಟ್ಟಳು.